ಡಿಸ್ನಿಯ ಕಿಡಾನಿ ವಿಲೇಜ್: ಅಜ್ಜ-ಅಜ್ಜಿ ಜೊತೆಗಿದ್ದರೆ ಯಾವ ಕೋಣೆ?

ಬೇಸಿಗೆ ಬಂತೆಂದರೆ ತುಮಕೂರಿನ ಎಷ್ಟೋ ಮನೆಗಳಲ್ಲಿ ಸೂಟ್‌ಕೇಸ್ ತೂಗುವ ಕೆಲಸ ಶುರುವಾಗುತ್ತದೆ. ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕ ಸೇರಿದ ಮಗನೋ ಮಗಳೋ ಟಿಕೆಟ್ ಕಳಿಸಿರುತ್ತಾರೆ. ಅಪ್ಪ-ಅಮ್ಮ ಹೇಗೂ ಬರುತ್ತಾರೆ, ಮೊಮ್ಮಕ್ಕಳನ್ನೂ ಕರೆದುಕೊಂಡು ಎಲ್ಲರೂ ಐದು ದಿನ ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ ಹೋಗಿಬರೋಣ ಎಂಬ ಮಾತೂ ಜೊತೆಗೇ ಬರುತ್ತದೆ. ಆಮೇಲೆ ಕೋಣೆಯ ಪ್ರಶ್ನೆ. ಹೋಟೆಲಿನ ದರ ನೋಡಿದರೆ ತಲೆ ತಿರುಗುತ್ತದೆ. ಅಷ್ಟರಲ್ಲಿ ಯಾರೋ 'ಟೈಮ್‌ಷೇರ್ ಪಾಯಿಂಟ್ ಬಾಡಿಗೆಗೆ ತಗೊಳ್ಳಿ, ಬಹಳ ಉಳಿಯುತ್ತೆ' ಎನ್ನುತ್ತಾರೆ.

ಟೈಮ್‌ಷೇರ್ (ರೆಸಾರ್ಟ್‌ನಲ್ಲಿ ಪಾಲು ಕೊಂಡು ವರ್ಷಕ್ಕೆ ಇಷ್ಟು ದಿನ ಎಂದು ಉಳಿಯುವ ವ್ಯವಸ್ಥೆ) ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು 'ಲಕ್ಕಿ ಡ್ರಾನಲ್ಲಿ ಗೆದ್ದಿದ್ದೀರಿ, ಗಂಡ-ಹೆಂಡತಿ ಇಬ್ಬರೂ ಬಂದು ಗಿಫ್ಟ್ ತಗೊಂಡು ಹೋಗಿ' ಅನ್ನುವ ಫೋನು. ಆ ಭಯ ಇಟ್ಟುಕೊಂಡರೆ ತಪ್ಪೇನಿಲ್ಲ. ಆದರೆ ಡಿಸ್ನಿಯ ವ್ಯವಸ್ಥೆ ಬೇರೆ ಥರದ್ದು, ಅದನ್ನು ಕೊಳ್ಳದೆಯೂ ಬಳಸಬಹುದು. ಇಲ್ಲಿ ನೋಡುತ್ತಿರುವುದು ಡಿಸ್ನಿ ವರ್ಲ್ಡ್‌ನ ಅನಿಮಲ್ ಕಿಂಗ್‌ಡಮ್ ಲಾಡ್ಜ್ ಎಂಬ ರೆಸಾರ್ಟ್‌ನ ಕಿಡಾನಿ ವಿಲೇಜ್. ಮೂರು ತಲೆಮಾರು ಒಟ್ಟಿಗೆ ಹೋಗುವ ನಮ್ಮಂಥ ಕುಟುಂಬಕ್ಕೆ ಡಿಸ್ನಿಯ ಟೈಮ್‌ಷೇರ್ ಕೋಣೆಗಳಲ್ಲಿ ಇದರ ಒನ್ ಬೆಡ್‌ರೂಮ್ ವಿಲ್ಲಾ ಚೆನ್ನಾಗಿ ಒಪ್ಪುತ್ತದೆ. ಕಾರಣ ಬಾಲ್ಕನಿಯಿಂದ ಕಾಣುವ ಜಿರಾಫೆ ಅಂದುಕೊಳ್ಳಬೇಡಿ. ಇದರಲ್ಲಿ ಎರಡು ಬಾತ್‌ರೂಮ್ ಇವೆ.

ಮೊದಲು ವ್ಯವಸ್ಥೆ ಹೇಗೆ ನಡೆಯುತ್ತದೆ ಎಂದು ತಿಳಿದುಕೊಂಡರೆ ಮುಂದಿನದು ಸಲೀಸು. ಡಿಸ್ನಿ ವೆಕೇಶನ್ ಕ್ಲಬ್ 1991ರಲ್ಲಿ ಶುರುವಾಯಿತು. ಸದಸ್ಯರು ಒಂದು ರೆಸಾರ್ಟ್‌ನಲ್ಲಿ ಪಾಲು ಕೊಂಡು ವರ್ಷಕ್ಕೆ ಇಷ್ಟು ಎಂದು ಪಾಯಿಂಟ್ ಪಡೆಯುತ್ತಾರೆ. ಆ ರೆಸಾರ್ಟ್ ಅವರ 'ಹೋಮ್ ರೆಸಾರ್ಟ್'. ಅಲ್ಲಿ ಕೋಣೆ ಹಿಡಿಯಲು ಅವರಿಗೆ 11 ತಿಂಗಳ ಮುಂಚೆಯೇ ಬಾಗಿಲು ತೆರೆಯುತ್ತದೆ, ಬೇರೆ ರೆಸಾರ್ಟ್‌ಗಳಿಗೆ 7 ತಿಂಗಳ ಮುಂಚೆ. ಒಂದು ರಾತ್ರಿಗೆ ಎಷ್ಟು ಪಾಯಿಂಟ್ ಎಂಬುದು ಕೋಣೆಯ ಅಳತೆ, ಕಿಟಕಿಯಾಚೆಯ ನೋಟ ಮತ್ತು ದಿನದ ಮೇಲೆ ನಿಂತಿದೆ. ಶುಕ್ರವಾರ, ಶನಿವಾರದ ರಾತ್ರಿ ದುಬಾರಿ. ಕ್ರಿಸ್‌ಮಸ್ ವಾರವಂತೂ ತೀರಾ ದುಬಾರಿ, ಸೆಪ್ಟೆಂಬರ್ ಅಗ್ಗ. ಭಾನುವಾರ ಬಂದಿಳಿದು ಶುಕ್ರವಾರ ಬೆಳಿಗ್ಗೆ ಕೋಣೆ ಬಿಟ್ಟರೆ ಐದು ರಾತ್ರಿಯೂ ಕಡಿಮೆ ದರದಲ್ಲೇ ಮುಗಿಯುತ್ತದೆ. ಶನಿವಾರ ಸೇರಬೇಕೆಂಬ ಹಟ ಬಿಟ್ಟರೆ ಸಾಕು.

ಹೋಗಲಾಗದ ಸದಸ್ಯರು ತಮ್ಮ ಪಾಯಿಂಟನ್ನು ಬಾಡಿಗೆಗೆ ಕೊಡುತ್ತಾರೆ. ನೇರವಾಗಿ ಕೊಡುವವರಿದ್ದಾರೆ, ದಲ್ಲಾಳಿಗಳ ಮೂಲಕ ಕೊಡುವವರೂ ಇದ್ದಾರೆ. ಲೆಕ್ಕ ಹೀಗೆ: ರಾತ್ರಿಗೆ 30 ಪಾಯಿಂಟ್ ಕೇಳುವ ಕೋಣೆಗೆ ಐದು ರಾತ್ರಿಗೆ 150 ಪಾಯಿಂಟ್. ಪಾಯಿಂಟಿಗೆ 20 ಡಾಲರ್ ಎಂದು ಮಾತಾದರೆ 3,000 ಡಾಲರ್. ಇದು ಕೋಣೆಗೆ ಮಾತ್ರ. ಪಾರ್ಕಿನೊಳಗೆ ಹೋಗುವ ಟಿಕೆಟ್ ಇದರಲ್ಲಿ ಸೇರಿಲ್ಲ, ತಲೆಗೆ ಇಷ್ಟು ಎಂದು ಬೇರೆ ಕೊಳ್ಳಬೇಕು. ರೆಸಾರ್ಟ್‌ನಲ್ಲಿ ಉಳಿದರೆ ಟಿಕೆಟ್ ಬಿಟ್ಟಿ ಎಂದುಕೊಂಡು ಬಜೆಟ್ ಹಾಕಿ ಆಮೇಲೆ ಬಾಯಿ ಬಾಯಿ ಬಿಡುವವರು ಕಡಿಮೆಯೇನಿಲ್ಲ.

ಈಗ ಕೋಣೆ. ಕಿಡಾನಿಯಲ್ಲಿ ಸ್ಟುಡಿಯೊ, ಒನ್ ಬೆಡ್‌ರೂಮ್, ಟೂ ಬೆಡ್‌ರೂಮ್, ಗ್ರ್ಯಾಂಡ್ ವಿಲ್ಲಾ ಎಂದು ನಾಲ್ಕು ಬಗೆ. ಸ್ಟುಡಿಯೊ ಸುಮಾರು 366 ಚದರಡಿ, ಒನ್ ಬೆಡ್‌ರೂಮ್ 807 ಚದರಡಿ. ಸ್ಟುಡಿಯೊದಲ್ಲಿ ನಾಲ್ಕು ಜನ ಮಲಗಬಹುದು ಎಂದು ಬರೆದಿರುತ್ತದೆ. ಮಲಗಬಹುದು, ನಿಜ. ಸೋಫಾ ಬಿಚ್ಚಿ ಹಾಸಿಗೆ ಮಾಡಿದ ಮೇಲೆ ಓಡಾಡಲು ಉಳಿಯುವುದು ಒಂದು ಸಣ್ಣ ದಾರಿ. ಅಡುಗೆಗೆ ಸಣ್ಣ ಫ್ರಿಜ್, ಮೈಕ್ರೋವೇವ್, ಕಾಫಿ ಮೇಕರ್ ಮತ್ತು ಒಂದು ಸಿಂಕ್ ಅಷ್ಟೇ, ಒಲೆ ಇಲ್ಲ. ಗಂಡ-ಹೆಂಡತಿ, ಒಂದು ಮಗು ಹೋಗುವುದಾದರೆ ಸ್ಟುಡಿಯೊ ಸಾಕು, ಹೆಚ್ಚು ಯೋಚಿಸುವ ಅಗತ್ಯವೇ ಇಲ್ಲ.

ಒನ್ ಬೆಡ್‌ರೂಮಿನ ಕತೆ ಬೇರೆ. ಒಳಗೆ ದೊಡ್ಡ ಮಂಚದ ಬೆಡ್‌ರೂಮು, ಅದಕ್ಕೆ ಸೇರಿದ ಬಾತ್‌ರೂಮು. ಹೊರಗೆ ಹಾಲ್‌ನಲ್ಲಿ ಹಾಸಿಗೆಯಾಗುವ ಸೋಫಾ, ಜೊತೆಗೆ ಒಬ್ಬರು ಮಲಗುವಷ್ಟು ಬಿಚ್ಚಿಕೊಳ್ಳುವ ಕುರ್ಚಿ. ಹಾಲ್ ಕಡೆಯಿಂದಲೇ ಹೋಗುವ ಎರಡನೇ ಪೂರ್ತಿ ಬಾತ್‌ರೂಮು. ಐದು ಜನ, ಮೇಲೆ ಮೂರು ವರ್ಷದೊಳಗಿನ ಒಂದು ಮಗು ಇದ್ದರೂ ನಡೆಯುತ್ತದೆ. ಡಿಸ್ನಿಯ ಬಹಳಷ್ಟು ಟೈಮ್‌ಷೇರ್ ರೆಸಾರ್ಟ್‌ಗಳ ಒನ್ ಬೆಡ್‌ರೂಮಿನಲ್ಲಿ ಬಾತ್‌ರೂಮ್ ಒಂದೇ. ಕಿಡಾನಿಯಲ್ಲೂ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕ್ ಪಕ್ಕದ ಬೇ ಲೇಕ್ ಟವರ್ ರೆಸಾರ್ಟ್‌ನಲ್ಲೂ ಎರಡು. ಬೆಳಗಿನ ಆರೂವರೆಯ ಹೊತ್ತು ನೆನೆದುಕೊಳ್ಳಿ. ಅಜ್ಜನಿಗೆ ಕಾಫಿ ಕುಡಿದ ಹತ್ತು ನಿಮಿಷಕ್ಕೆ ಹೋಗಲೇಬೇಕು, ಅಜ್ಜಿಗೆ ಸ್ನಾನ ಮಾಡದೆ ಒಲೆ ಮುಟ್ಟುವ ಅಭ್ಯಾಸವಿಲ್ಲ, ಸೊಸೆಗೆ ತಲೆಸ್ನಾನ, ಮಗು ಒಳಗೆ ಹೋದರೆ ಹೊರಗೆ ಬರುವುದಿಲ್ಲ. ರೆಸಾರ್ಟ್‌ನಲ್ಲಿ ಉಳಿದವರಿಗೆ ದಿನವೂ ಎಲ್ಲಾ ಪಾರ್ಕ್‌ಗಳಲ್ಲಿ 30 ನಿಮಿಷ ಮುಂಚೆ ಪ್ರವೇಶವಿದೆ. ಸಾಲಿಲ್ಲದೆ ಎರಡು ಆಟ ಮುಗಿಸಿಕೊಳ್ಳಬಹುದಾದ ಆ ಅರ್ಧ ಗಂಟೆ ಕೈತಪ್ಪುವುದು ಹೆಚ್ಚಾಗಿ ಬಾತ್‌ರೂಮಿನ ಬಾಗಿಲ ಮುಂದೆ.

ಬಾತ್‌ರೂಮಿನ ಮಾತು ಬಂದದ್ದಕ್ಕೆ ಇನ್ನೆರಡು ವಿಷಯ. ಬಕೆಟ್, ಮಗ್ಗು, ಜೆಟ್ ಸ್ಪ್ರೇ ಯಾವುದೂ ಇರುವುದಿಲ್ಲ. ಸೂಟ್‌ಕೇಸಿನಲ್ಲಿ ಎರಡು ಪ್ಲಾಸ್ಟಿಕ್ ಚೊಂಬು ಹಾಕಿಕೊಳ್ಳಿ, ಎರಡು ಬಾತ್‌ರೂಮಿಗೆ ಎರಡು. ಇನ್ನೊಂದು, ಮಂಡಿನೋವಿರುವವರಿಗೆ ಟಬ್ಬಿನ ಅಂಚು ದಾಟಿ ನಿಂತು ಸ್ನಾನ ಮಾಡುವುದು ಅಪಾಯ. ನೆಲಮಟ್ಟದಲ್ಲೇ ಕಾಲಿಡಬಹುದಾದ ಶವರ್ ಇರುವ ಕೋಣೆಗಳಿವೆ, ಆದರೆ ಅದು ಬೇರೆ ವರ್ಗ. ಬುಕ್ ಮಾಡುವಾಗಲೇ ಸದಸ್ಯರಿಗೆ 'ಆಕ್ಸೆಸಿಬಲ್ ಕೋಣೆ, ರೋಲ್-ಇನ್ ಶವರ್' ಎಂದು ಸ್ಪಷ್ಟವಾಗಿ ಹೇಳಿ ಹಿಡಿಸಬೇಕು. ಸೇರುವ ದಿನ ಕೌಂಟರಿನಲ್ಲಿ ಕೇಳಿದರೆ ಸಿಗುವ ಭರವಸೆ ಇಲ್ಲ.

ಒನ್ ಬೆಡ್‌ರೂಮಿನ ಅಡುಗೆಮನೆ ಪೂರ್ತಿಯಾಗಿದೆ: ಒಲೆ, ಓವನ್, ದೊಡ್ಡ ಫ್ರಿಜ್, ಪಾತ್ರೆ ತೊಳೆಯುವ ಮೆಷಿನ್, ತಟ್ಟೆ, ಲೋಟ, ಪಾತ್ರೆ, ಚಾಕು. ಕೋಣೆಯಲ್ಲೇ ಬಟ್ಟೆ ಒಗೆಯುವ ಮತ್ತು ಒಣಗಿಸುವ ಮೆಷಿನ್ ಕೂಡ. ಒಲೆ ಮಾತ್ರ ಎಲೆಕ್ಟ್ರಿಕ್, ಗ್ಯಾಸಿನ ಕೈ ಪಳಗಿದವರಿಗೆ ಮೊದಲ ದಿನ ಮೋಸ ಮಾಡುತ್ತದೆ. ತಳ ಚಪ್ಪಟೆಯಾಗಿರುವ ಕುಕ್ಕರ್ ಚೆನ್ನಾಗಿ ಕೂರುತ್ತದೆ, ಉಬ್ಬಿದ ತಳದ್ದು ಕಾಯುವುದೇ ಇಲ್ಲ. ಆಫ್ ಮಾಡಿದ ಮೇಲೂ ಒಲೆಯ ಬಿಸಿ ಬೇಗ ಇಳಿಯುವುದಿಲ್ಲ. ಅನ್ನಕ್ಕೆ ಮೂರು ಕೂಗು ಬೇಕಿದ್ದರೆ ಎರಡನೇ ಕೂಗಿಗೇ ಆಫ್ ಮಾಡಿ, ಮೂರನೆಯದು ತಾನಾಗಿ ಬರುತ್ತದೆ. ಹಾಲು ಉಕ್ಕಿ ಬರುವಾಗ ಗುಂಡಿ ತಿರುಗಿಸಿ ಏನೂ ಪ್ರಯೋಜನವಿಲ್ಲ, ಪಾತ್ರೆಯನ್ನೇ ಪಕ್ಕಕ್ಕೆ ಎಳೆಯಬೇಕು. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮುಂಚೆ ಒಲೆಯ ಮೇಲಿನ ಫ್ಯಾನ್ ಹಾಕಿ ಬಾಲ್ಕನಿ ಬಾಗಿಲು ತೆರೆದಿಡಿ. ಚಾವಣಿಯ ಹೊಗೆ ಅಲಾರಂಗೆ ಬ್ಯಾಡಗಿಗೂ ಬೆಂಕಿಗೂ ವ್ಯತ್ಯಾಸ ಗೊತ್ತಿಲ್ಲ.

ಇಲ್ಲಿಂದ ಏನು ಒಯ್ಯಬೇಕು, ಏನು ಬೇಡ? ಮಿಕ್ಸಿ ಬೇಡ. ಅಲ್ಲಿನ ಕರೆಂಟು 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ನಮ್ಮ 1,500 ವ್ಯಾಟ್‌ನ ಕೆಟಲ್ ಅಲ್ಲಿ ಹೆಚ್ಚುಕಡಿಮೆ 400 ವ್ಯಾಟ್‌ನಷ್ಟೇ ಕಾಯುತ್ತದೆ. ನೀರು ಕುದಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಫೋನ್ ಚಾರ್ಜರ್ ನಡೆಯುತ್ತದೆ, ಪಿನ್ ಬದಲಾಯಿಸುವ ಅಡಾಪ್ಟರ್ ಇದ್ದರೆ ಸಾಕು. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಸೀಲ್ ಮಾಡಿದ ಪೊಟ್ಟಣದಲ್ಲಿ ಒಯ್ಯಿರಿ, ಕಸ್ಟಮ್ಸ್‌ನವರಿಗೆ ಆಹಾರ ಇದೆ ಎಂದೇ ಹೇಳಿ. ಅಕ್ಕಿ ಮಾತ್ರ ಬೇಡ. ಖಾಪ್ರಾ ಎಂಬ ಧಾನ್ಯದ ಹುಳದ ಕಾರಣಕ್ಕೆ ಭಾರತದಿಂದ ಬರುವ ಅಕ್ಕಿಯನ್ನು ಬ್ಯಾಗಿನಿಂದ ತೆಗೆದಿಡುತ್ತಾರೆ. ಹಸಿ ಕರಿಬೇವೂ ಅಷ್ಟೇ. ಅಕ್ಕಿ, ಬೇಳೆ, ಮೊಸರು, ತರಕಾರಿಯನ್ನು ಅಲ್ಲಿಯೇ ಆನ್‌ಲೈನ್‌ನಲ್ಲಿ ತರಿಸಬಹುದು. ರೆಸಾರ್ಟ್‌ನ ಬೆಲ್ ಸರ್ವಿಸಸ್‌ನವರು (ಅತಿಥಿಗಳ ಸಾಮಾನು ನೋಡಿಕೊಳ್ಳುವವರು) ಇಳಿಸಿಕೊಂಡು ತಮ್ಮ ಫ್ರಿಜ್‌ನಲ್ಲಿ ಇಟ್ಟಿರುತ್ತಾರೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ಆಸೆಯನ್ನು ಐದು ದಿನ ಕಟ್ಟಿಡಿ. ಹಿಟ್ಟು ಉಬ್ಬಿಸುವ ಸಾಹಸಕ್ಕೆ ಏಸಿ ಕೋಣೆ ಒಳ್ಳೆಯ ಜಾಗವಲ್ಲ.

ನೋಟದ ವಿಷಯ. ಕಿಡಾನಿಯಲ್ಲಿ ಎರಡು ವರ್ಗ: ಸ್ಟ್ಯಾಂಡರ್ಡ್ ಮತ್ತು ಸವಾನಾ. ಸವಾನಾ ಎಂದರೆ ಬಾಲ್ಕನಿಯ ಮುಂದೆಯೇ ಹುಲ್ಲುಗಾವಲು, ಅದರಲ್ಲಿ ಜಿರಾಫೆ, ಜೀಬ್ರಾ. ಈ ಲಾಡ್ಜ್‌ನಲ್ಲಿ ಒಂದೊಂದು ಮಾರುದ್ದ ಕೊಂಬಿನ ಅಂಕೋಲೆ ದನಗಳೂ ಇವೆ (ನಮ್ಮ ಅಂಕೋಲಾಕ್ಕೂ ಅದಕ್ಕೂ ಸಂಬಂಧವಿಲ್ಲ, ಆಫ್ರಿಕಾದ ತಳಿ). ಹಳ್ಳಿಕಾರ್ ಎತ್ತಿನ ಕೊಂಬು ನೋಡಿ ಬೆಳೆದವರು ಇದರ ಮುಂದೆ ಐದು ನಿಮಿಷ ನಿಲ್ಲದೆ ಮುಂದೆ ಹೋಗುವುದಿಲ್ಲ. ಸ್ಟ್ಯಾಂಡರ್ಡ್ ಕೋಣೆಯಿಂದ ಕಾಣುವುದು ಪೂಲ್ ಅಥವಾ ಕಾರ್ ನಿಲ್ಲುವ ಕಡೆ, ಮರಗಿಡ. ಎರಡಕ್ಕೂ ಪಾಯಿಂಟಿನಲ್ಲಿ ಒಳ್ಳೆಯ ಅಂತರವಿದೆ.

ಬೆಳಿಗ್ಗೆ ಹೋಗಿ ರಾತ್ರಿ ಬರುವ ಕುಟುಂಬ ಸವಾನಾ ನೋಟಕ್ಕೆ ಕೊಡುವ ದುಡ್ಡು ದಂಡ. ಕತ್ತಲಾದ ಮೇಲೆ ಹೆಚ್ಚೇನೂ ಕಾಣುವುದಿಲ್ಲ. ಅದೇ ಪ್ರಾಣಿಗಳನ್ನು ರೆಸಾರ್ಟ್‌ನ ಸಾರ್ವಜನಿಕ ಕಟ್ಟೆಗಳಿಂದ ಯಾವ ಕೋಣೆಯವರು ಬೇಕಾದರೂ ಪುಕ್ಕಟೆ ನೋಡಬಹುದು. ಆದರೆ ಅಜ್ಜ 'ನಿಮ್ಮ ಆ ಗಿರಗಿರ ತಿರುಗೋ ಆಟ ನನಗೆ ಬೇಡಪ್ಪ, ನಾನು ರೂಮಲ್ಲೇ ಇರ್ತೀನಿ' ಎನ್ನುವ ಪೈಕಿಯವರಾದರೆ ಲೆಕ್ಕ ತಿರುಗುತ್ತದೆ. ಎರಡು ದಿನ ಅವರು ಬಾಲ್ಕನಿಯಲ್ಲೇ ಕಳೆಯುವವರಿದ್ದರೆ ಸವಾನಾ ನೋಟ ಎಲ್ಲರ ಪಾರ್ಕ್ ಟಿಕೆಟ್‌ಗಿಂತ ಒಳ್ಳೆಯ ಖರ್ಚು. ಆ ದಿನಗಳ ಅವರ ಟಿಕೆಟ್ ಕೊಳ್ಳದೆ ಆ ಹಣವನ್ನೇ ಇತ್ತ ತಿರುಗಿಸಿ. ಕೋಣೆಯಲ್ಲಿ ಅತಿ ಹೆಚ್ಚು ಹೊತ್ತು ಇರುವವರು ಯಾರೋ ಅವರಿಗೆ ಒಪ್ಪುವಂತೆ ಕೋಣೆ ಆರಿಸಬೇಕು, ಬುಕ್ ಮಾಡುವವರಿಗೆ ಒಪ್ಪುವಂತಲ್ಲ. ಬುಕ್ ಮಾಡುವವರು ಸಾಮಾನ್ಯವಾಗಿ ಕೋಣೆಯಲ್ಲಿ ಇರುವುದೇ ಇಲ್ಲ.

ಪಕ್ಕದ ಜಾಂಬೊ ಹೌಸ್ ಇದೇ ಲಾಡ್ಜ್‌ನ ಹಳೆಯ ಕಟ್ಟಡ. ಅಲ್ಲಿ 'ವ್ಯಾಲ್ಯೂ' ಎಂಬ ಅಗ್ಗದ ವರ್ಗವಿದೆ. ಕೋಣೆಗಳು ಸಣ್ಣವು, ಸಂಖ್ಯೆಯೂ ಕಡಿಮೆ. ಅನಿಮಲ್ ಕಿಂಗ್‌ಡಮ್ ಹೋಮ್ ರೆಸಾರ್ಟ್ ಆಗಿರುವ ಸದಸ್ಯರು 11 ತಿಂಗಳಿಗೇ ಬಾಚಿಕೊಳ್ಳುತ್ತಾರೆ. ಹಾಗಾಗಿ ಬಾಡಿಗೆಗೆ ಪಾಯಿಂಟ್ ಹುಡುಕುವಾಗ ಕೇಳಬೇಕಾದ ಮೊದಲ ಪ್ರಶ್ನೆ 'ಪಾಯಿಂಟಿಗೆ ಎಷ್ಟು' ಎಂಬುದಲ್ಲ, 'ನಿಮ್ಮ ಹೋಮ್ ರೆಸಾರ್ಟ್ ಯಾವುದು' ಎಂಬುದು. ಬೇರೆ ರೆಸಾರ್ಟ್‌ನ ಪಾಯಿಂಟ್ ಎರಡು ಡಾಲರ್ ಕಡಿಮೆಗೆ ಸಿಕ್ಕರೂ 7 ತಿಂಗಳ ಬಾಗಿಲು ತೆರೆಯುವ ಹೊತ್ತಿಗೆ ನಿಮಗೆ ಬೇಕಾದ ಕೋಣೆ ಉಳಿದಿರಬೇಕಲ್ಲ.

ಕಿಡಾನಿಯ ದೋಷಗಳನ್ನೂ ಹೇಳಲೇಬೇಕು. ಸ್ವಾಹಿಲಿಯಲ್ಲಿ ಕಿಡಾನಿ ಎಂದರೆ ಕೊರಳ ಹಾರ. ಕಟ್ಟಡವೂ ಹಾರದ ಹಾಗೆಯೇ ಬಾಗಿ ಉದ್ದಕ್ಕೆ ಚಾಚಿಕೊಂಡಿದೆ. ತುದಿಯ ಕೋಣೆ ಸಿಕ್ಕಿದರೆ ಲಾಬಿ ತಲುಪುವಷ್ಟರಲ್ಲಿ ವಯಸ್ಸಾದವರು ಎರಡು ಕಡೆ ಕೂತು ಏಳಬೇಕು. ಆನ್‌ಲೈನ್ ಚೆಕ್-ಇನ್ ಮಾಡುವಾಗ 'ಲಾಬಿಗೆ ಹತ್ತಿರ' ಎಂಬ ಒಂದೇ ಒಂದು ಕೋರಿಕೆ ಹಾಕಿ. ಮೇಲಿನ ಮಹಡಿ, ಇಂಥ ಪ್ರಾಣಿ, ಇಂಥ ಮೂಲೆ ಎಂದು ಐದು ಕೋರಿಕೆ ಪೇರಿಸಿದರೆ ನಿಜವಾಗಿ ಬೇಕಾದದ್ದು ಯಾವುದೆಂದು ಕೋಣೆ ಹಂಚುವವರಿಗೆ ತಿಳಿಯುವುದಿಲ್ಲ. ಕೋರಿಕೆ ನಡೆಸಿಕೊಡುವ ಖಾತರಿಯನ್ನಂತೂ ಯಾರೂ ಕೊಡುವುದಿಲ್ಲ.

ಎರಡನೆಯದು ದೂರ. ಇಲ್ಲಿಗೆ ಮಾನೊರೈಲೂ ಇಲ್ಲ, ತಂತಿಯ ಮೇಲೆ ಸಾಗುವ ಸ್ಕೈಲೈನರ್ ತೊಟ್ಟಿಲೂ ಇಲ್ಲ. ಬಸ್ಸೊಂದೇ ಗತಿ. ಅನಿಮಲ್ ಕಿಂಗ್‌ಡಮ್ ಪಾರ್ಕ್ ಹತ್ತಿರ, ಆದರೆ ನಡೆದು ಹೋಗುವ ದಾರಿಯಿಲ್ಲ. ಮ್ಯಾಜಿಕ್ ಕಿಂಗ್‌ಡಮ್ ದೂರ. ಕಾರ್ ಇದ್ದರೆ ಇಲ್ಲೊಂದು ಉಪಾಯ. ರೆಸಾರ್ಟ್‌ನಲ್ಲಿ ಉಳಿದವರಿಗೆ ಪಾರ್ಕ್‌ಗಳಲ್ಲಿ ಕಾರ್ ನಿಲ್ಲಿಸುವುದು ಉಚಿತ, ಆದ್ದರಿಂದ ಎಪ್‌ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್‌ಗೆ ಕಾರಿನಲ್ಲೇ ಹೋಗಿ. ಮ್ಯಾಜಿಕ್ ಕಿಂಗ್‌ಡಮ್‌ಗೆ ಮಾತ್ರ ರೆಸಾರ್ಟ್ ಬಸ್ಸನ್ನೇ ಹತ್ತಿ. ಕಾರಿನವರು ದೂರದ ಟ್ರಾನ್ಸ್‌ಪೋರ್ಟೇಶನ್ ಸೆಂಟರಿನಲ್ಲಿ ನಿಲ್ಲಿಸಿ, ಅಲ್ಲಿಂದ ದೋಣಿಯನ್ನೋ ಮಾನೊರೈಲನ್ನೋ ಹಿಡಿದು ಕೆರೆ ದಾಟಬೇಕು. ಬಸ್ಸು ಪಾರ್ಕಿನ ಬಾಗಿಲ ಹತ್ತಿರವೇ ಇಳಿಸುತ್ತದೆ. ಬಸ್ಸಿನಲ್ಲಿ ಮಗುವಿನ ತಳ್ಳುಗಾಡಿಯನ್ನು ಮಡಚಬೇಕು. ಗಾಲಿಕುರ್ಚಿ ಹಾಗೇ ಹತ್ತುತ್ತದೆ.

ಕಿಡಾನಿಯಲ್ಲಿ ಕಾರು ನಿಲ್ಲುವುದು ಕಟ್ಟಡದ ಕೆಳಗೇ, ನೆರಳಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನವಾದರೆ ಗುಡುಗು ಮಳೆ ಸುರಿಯುವ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ. ಒರ್ಲಾಂಡೊ ವಿಮಾನ ನಿಲ್ದಾಣದಿಂದ ರೆಸಾರ್ಟ್‌ಗೆ ಸುಮಾರು 40 ಕಿಲೋಮೀಟರ್, ತುಮಕೂರಿಂದ ನೆಲಮಂಗಲದಷ್ಟು ಎಂದುಕೊಳ್ಳಿ. ಮುಂಚೆ ಇದ್ದ ಡಿಸ್ನಿಯ ಉಚಿತ ಬಸ್ಸು 2022ರ ಜನವರಿಯಲ್ಲೇ ನಿಂತುಹೋಗಿದೆ. ಹಳೆಯ ವಿಡಿಯೊ ನೋಡಿ ಅದಕ್ಕಾಗಿ ಹುಡುಕಬೇಡಿ.

ಊಟಕ್ಕೆ ಕಿಡಾನಿಯಲ್ಲಿ ಇರುವುದು ಸನಾ. ನಮ್ಮವರಿಗೆ ಬಾಯಿ ಹಿಡಿಸುವ ಹೋಟೆಲು. ಆಫ್ರಿಕಾದ ಅಡುಗೆಗೆ ಭಾರತದ ಮಸಾಲೆ ಬೆರೆಸುತ್ತಾರೆ. ಅಲ್ಲಿನ ಬ್ರೆಡ್ ಸರ್ವಿಸ್ ಹೆಸರುವಾಸಿ: ನಾನ್ ಬಗೆಯ ರೊಟ್ಟಿಗಳು, ಜೊತೆಗೆ ಕೊತ್ತಂಬರಿ ಚಟ್ನಿ, ಮಾವಿನ ಚಟ್ನಿ, ಹುಣಸೆ ಚಟ್ನಿ, ರಾಯತ, ಬೆಳ್ಳುಳ್ಳಿ ಉಪ್ಪಿನಕಾಯಿ ಎಂದು ಒಂದು ಸಾಲು ಬಟ್ಟಲು. ಸಸ್ಯಾಹಾರಿಗಳು ಇಬ್ಬರು ಅದೊಂದನ್ನೇ ಹಂಚಿಕೊಂಡು ಹೊಟ್ಟೆ ತುಂಬಿಸಿಕೊಳ್ಳಬಹುದು. ಕಿಟಕಿಯಾಚೆ ಜೀಬ್ರಾ ಮೇಯುತ್ತಿರುತ್ತದೆ, ಹಾಗಾಗಿ ಕತ್ತಲಾಗುವ ಮುಂಚಿನ ಹೊತ್ತಿಗೆ ಟೇಬಲ್ ಕಾದಿರಿಸಿ. ಆದರೆ ಯಾವಾಗ ಬೇಕಾದರೂ ಹೋಗಿ ತಟ್ಟೆಗೆ ಹಾಕಿಸಿಕೊಳ್ಳುವಂಥ ಫುಡ್ ಕೋರ್ಟ್ ಇಲ್ಲಿಲ್ಲ. ಅದಕ್ಕೆ ಜಾಂಬೊ ಹೌಸ್‌ನ ಮಾರಾಕ್ಕೆ ನಡೆಯಬೇಕು. ಕೋಣೆಯಲ್ಲಿ ಒಲೆ ಇರುವುದರ ಬೆಲೆ ಗೊತ್ತಾಗುವುದು ರಾತ್ರಿ ಹತ್ತಕ್ಕೆ ಮಗು 'ಮೊಸರನ್ನ' ಎಂದಾಗ.

ಇದು ಹೋಟೆಲ್ ಅಲ್ಲ ಎಂಬುದು ಶುಚಿಯ ವಿಷಯದಲ್ಲಿ ಎದ್ದು ಕಾಣುತ್ತದೆ. ದಿನಾ ಬಂದು ಹಾಸಿಗೆ ಸರಿಮಾಡುವವರಿಲ್ಲ. ಏಳು ರಾತ್ರಿಯೊಳಗಿನ ವಾಸ್ತವ್ಯಕ್ಕೆ ನಾಲ್ಕನೇ ದಿನ ಕಸ ತೆಗೆದು ಟವಲ್ ಬದಲಿಸುತ್ತಾರೆ, ಅಷ್ಟೇ. ಎಂಟು ರಾತ್ರಿ ಅಥವಾ ಹೆಚ್ಚು ಇದ್ದರೆ ನಾಲ್ಕನೇ ದಿನ ಪೂರ್ತಿ ಸ್ವಚ್ಛ ಮಾಡುತ್ತಾರೆ. ನಡುವೆ ಬೇಕೆಂದರೆ ದುಡ್ಡು ಕೊಡಬೇಕು. ಒನ್ ಬೆಡ್‌ರೂಮಿನಲ್ಲಿ ಒಗೆಯುವ ಮೆಷಿನ್ ಇರುವುದರಿಂದ ಟವಲ್ಲನ್ನು ರಾತ್ರಿ ಹಾಕಿ ಬೆಳಿಗ್ಗೆ ತೆಗೆದರೆ ಕಷ್ಟವೇನೂ ಆಗುವುದಿಲ್ಲ.

ಈಗ ಎಡವುವ ಜಾಗಗಳು. ಪಾಯಿಂಟ್ ಬಾಡಿಗೆಯಲ್ಲಿ ಬುಕಿಂಗ್ ಸದಸ್ಯರ ಹಿಡಿತದಲ್ಲೇ ಇರುತ್ತದೆ. ತಾರೀಖು ಬದಲಾವಣೆ, ಹೆಸರು ಸೇರಿಸುವುದು, ಊಟದ ಪ್ಲಾನ್ ಹಾಕುವುದು ಎಲ್ಲಾ ಅವರ ಮೂಲಕವೇ. ನೀವು ಡಿಸ್ನಿಗೆ ಫೋನ್ ಮಾಡಿದರೆ ಸದಸ್ಯರನ್ನು ಕೇಳಿ ಎನ್ನುತ್ತಾರೆ. ಹಣ ವಾಪಸ್ ಇಲ್ಲ ಎಂಬುದು ಹೆಚ್ಚುಕಡಿಮೆ ಎಲ್ಲರ ಷರತ್ತು. ಅದಕ್ಕೆ ಕಾರಣವೂ ಇದೆ. ಸೇರುವ ದಿನಕ್ಕೆ 30 ದಿನ ಅಥವಾ ಅದಕ್ಕಿಂತ ಕಡಿಮೆ ಉಳಿದಿರುವಾಗ ರದ್ದು ಮಾಡಿದರೆ ಆ ಪಾಯಿಂಟ್‌ಗಳು 'ಹೋಲ್ಡಿಂಗ್'ಗೆ ಬೀಳುತ್ತವೆ. ಆಮೇಲೆ ಅವುಗಳಿಂದ ಮುಂದಿನ 60 ದಿನದೊಳಗಿನ ಕೋಣೆಯನ್ನು ಮಾತ್ರ ಹಿಡಿಯಬಹುದು, ಮುಂದಿನ ವರ್ಷಕ್ಕೆ ಉಳಿಸಿಕೊಳ್ಳಲೂ ಆಗುವುದಿಲ್ಲ. ಸದಸ್ಯರಿಗೆ ಅದು ಹಳಸಿದ ಅನ್ನ. ತೀರಾ ಅಗ್ಗಕ್ಕೆ ಬರುವ ಪಾಯಿಂಟ್‌ಗಳು ಬಹುಪಾಲು ಅವಧಿ ಮುಗಿಯುತ್ತಿರುವಂಥವು, ತಾರೀಖು ಮುಂದೂಡಲು ಅವಕಾಶವೇ ಇರುವುದಿಲ್ಲ. ಹಾಗಾಗಿ ಅಪ್ಪ-ಅಮ್ಮನ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿದ ಮೇಲೆಯೇ ಪಾಯಿಂಟ್ ಹುಡುಕಿ. ಸಂದರ್ಶನದ ದಿನ ಸಿಕ್ಕಿದೆ ಎಂಬುದು ವೀಸಾ ಸಿಕ್ಕ ಹಾಗಲ್ಲ.

ದುಡ್ಡು ಕೊಡುವ ಮುಂಚೆ ಬರವಣಿಗೆಯಲ್ಲಿ ಒಪ್ಪಂದ ಇರಲಿ: ರೆಸಾರ್ಟ್, ಕೋಣೆಯ ವರ್ಗ, ನೋಟ, ತಾರೀಖು, ಎಲ್ಲರ ಹೆಸರು. ಮೊದಲ ಕಂತು ಕೊಟ್ಟ ಕೂಡಲೇ ಬುಕಿಂಗ್ ನಂಬರ್ ಕೇಳಿ. ಆ ನಂಬರನ್ನು ಮೈ ಡಿಸ್ನಿ ಎಕ್ಸ್‌ಪೀರಿಯೆನ್ಸ್ ಆ್ಯಪ್‌ನಲ್ಲಿ ಹಾಕಿ, ನಿಮ್ಮ ಹೆಸರಿನಡಿ ಕೋಣೆ ಕಂಡ ಮೇಲೆ ಉಳಿದ ಕಂತು. ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ. ಹೋಗುವ ಹಿಂದಿನ ವಾರದವರೆಗೂ ಆಗಾಗ ಆ್ಯಪ್ ತೆರೆದು ಕೋಣೆ ಇದೆಯೇ ಎಂದು ನೋಡುತ್ತಿರಿ, ಏಕೆಂದರೆ ಸದಸ್ಯರು ಯಾವಾಗ ಬೇಕಾದರೂ ರದ್ದು ಮಾಡಬಲ್ಲರು. ಮುಖ್ಯ ಅತಿಥಿಯಾಗಿ ಅಲ್ಲೇ ಇರುವ ಮಗನ ಹೆಸರನ್ನೇ ಹಾಕಿಸಿ. ಇನಿಷಿಯಲ್ ಬಿಡಿಸಿ ಬರೆದ ಅಪ್ಪನ ಪಾಸ್‌ಪೋರ್ಟ್ ಹೆಸರಿಗೂ ಬುಕಿಂಗ್ ಹೆಸರಿಗೂ ತಾಳೆಯಾಗದೆ ಕೌಂಟರಿನಲ್ಲಿ ನಿಲ್ಲುವುದು ತಪ್ಪುತ್ತದೆ.

'ಬಾಡಿಗೆ ಯಾಕೆ, ಕೊಂಡೇಬಿಡೋಣ' ಎಂಬ ಆಸೆ ಅಲ್ಲಿಗೆ ಹೋದಾಗ ಹುಟ್ಟುತ್ತದೆ. ಹುಟ್ಟಲೆಂದೇ ಪಾರ್ಕಿನೊಳಗೂ ಲಾಬಿಯಲ್ಲೂ ನಗುಮುಖದ ಮಾರಾಟಗಾರರನ್ನು ನಿಲ್ಲಿಸಿರುತ್ತಾರೆ. ಅನಿಮಲ್ ಕಿಂಗ್‌ಡಮ್‌ನ ಒಪ್ಪಂದ 2057ರ ಜನವರಿ 31ಕ್ಕೆ ಮುಗಿಯುತ್ತದೆ. ಅಂದರೆ ಕೊಳ್ಳುವುದು ಆಸ್ತಿಯನ್ನಲ್ಲ, ದಿನೇ ದಿನೇ ಸವೆಯುವ ಅವಧಿಯನ್ನು. ವಾರ್ಷಿಕ ನಿರ್ವಹಣಾ ಶುಲ್ಕವನ್ನು ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಸದಸ್ಯರಿಂದ ಎರಡನೇ ಕೈಯಾಗಿ ಕೊಂಡರೆ ಅಗ್ಗ, ಆದರೆ 2019ರ ಜನವರಿ 19ರಿಂದ ಈಚೆಗೆ ಹಾಗೆ ಕೊಂಡವರಿಗೆ ಆ ವರ್ಷ ತೆರೆದ ರಿವಿಯೆರಾದಂಥ ಹೊಸ ರೆಸಾರ್ಟ್‌ಗಳಲ್ಲಿ ಆ ಪಾಯಿಂಟ್ ನಡೆಯುವುದಿಲ್ಲ. ಡಿಸ್ನಿಯಿಂದ ನೇರವಾಗಿ ಕೊಂಡು ಮನಸ್ಸು ಬದಲಾದರೆ ಫ್ಲೋರಿಡಾ ಕಾನೂನಿನಲ್ಲಿ 10 ದಿನದೊಳಗೆ ಬರವಣಿಗೆಯಲ್ಲಿ ರದ್ದು ಮಾಡುವ ಹಕ್ಕಿದೆ. ಎರಡು ವರ್ಷಕ್ಕೊಮ್ಮೆಯಾದರೂ ಹೋಗುವ ಮಗಳ ಮನೆಯವರು ಕೂತು ಲೆಕ್ಕ ಹಾಕಲಿ. ತುಮಕೂರಿನಿಂದ ವೀಸಾ ಮಾಡಿಸಿಕೊಂಡು ಹೋಗುವವರಿಗೆ ಬಾಡಿಗೆಯೇ ಸರಿ.

ಕೋಣೆ ಕೈಗೆ ಸಿಗುವುದು ಸಂಜೆ 4ಕ್ಕೆ, ಬಿಡಬೇಕಾದ್ದು ಬೆಳಿಗ್ಗೆ 11ಕ್ಕೆ. ಬೆಳಿಗ್ಗೆಯೇ ಬಂದು ಇಳಿದರೆ ಸಾಮಾನನ್ನು ಬೆಲ್ ಸರ್ವಿಸಸ್‌ನಲ್ಲಿ ಇಟ್ಟು ಸಮಾವಾತಿ ಪೂಲಿಗೆ ಹೋಗಬಹುದು. ಈಜುಡುಗೆಯನ್ನೂ ಅಜ್ಜನ ಮಾತ್ರೆಗಳನ್ನೂ ಮೇಲಿನ ಕೈಚೀಲದಲ್ಲೇ ಇಟ್ಟುಕೊಂಡಿರಿ. ಹೊರಡುವ ದಿನ ಬೆಳಗಿನ ತಿಂಡಿಗೆ ಒಲೆ ಹಚ್ಚಬೇಡಿ, ಉಳಿದ ಅನ್ನಕ್ಕೆ ಹಿಂದಿನ ರಾತ್ರಿಯೇ ಚಿತ್ರಾನ್ನದ ಗೊಜ್ಜು ಮಾಡಿಟ್ಟು ಬೆಳಿಗ್ಗೆ ಕಲಸಿಕೊಳ್ಳಿ. ಕುಕ್ಕರಿನ ವೆಯ್ಟು ಪಾತ್ರೆ ತೊಳೆಯುವ ಮೆಷಿನ್ನಿನ ಒಳಗೆ ಉಳಿದಿದೆಯೇ ಎಂದು ಒಮ್ಮೆ ನೋಡಿ.